ಬೆಳೆಯುವುದು, ಉಳಿಯುವುದು

ಕಳೆದ ದೀಪಾವಳಿಯ ಪಾಡ್ಯದ ದಿನ ನಮ್ಮ ಮನೆಗೆ ಅತಿಥಿಯೊಬ್ಬಳು ಬಂದಿದ್ದಳು. ನಮ್ಮ ಮಗಳ ಸಹಪಾಠಿ. ಊರು ಪಶ್ಚಿಮ ಆಫ್ರಿಕದ ಘಾನಾ ದೇಶದ ಉತ್ತರ ಭಾಗದಲ್ಲಿರುವ ತಮಾಲೆ. ಹಬ್ಬಕ್ಕೆಂದು ಎಲ್ಲರೂ ಊರಿಗೆ ಹೋಗಿ ಹಾಸ್ಟೆಲು ಬರಿದಾದಾಗ ಈ ಹುಡುಗಿಯೊಬ್ಬಳೇ ಉಳಿದಳೆಂದು ಮಗಳು ಕರೆತಂದಿದ್ದಳು. ರಾಮಕೃಷ್ಣಪುರದ ನಮ್ಮ ಎರಡು ಕೋಣೆಗಳ ಸರಕಾರಿ ವಸತಿಗೆ ಅತಿಥಿಗಳು ಹೊಸಬರಲ್ಲ. ಪರೀಕ್ಷೆಗೆ, ಸಂದರ್ಶನಕ್ಕೆ, ಆಸ್ಪತ್ರೆಗೆ ಎಂದು ಊರಿನಿಂದ ಬಂದವರಿಗೆಲ್ಲ ಇಲ್ಲಿ ಚಾಪೆ ಹಾಸಿದ್ದುಂಟು. ಆದರೆ ಇಷ್ಟು ದೂರದವರು ಬಂದದ್ದು ಅದೇ ಮೊದಲು.

ಊಟವಾಯಿತು. ಹೋಳಿಗೆಯನ್ನು ಆ ಹುಡುಗಿ ಎರಡನೆಯ ಸಲ ಕೇಳಿ ಹಾಕಿಸಿಕೊಂಡದ್ದರಿಂದ ನಮ್ಮ ತಾಯಿಯವರಿಗೆ ಆಕೆಯ ಮೇಲೆ ಪ್ರೀತಿ ಹುಟ್ಟಿಹೋಗಿತ್ತು. ಆ ಸಲಿಗೆಯಲ್ಲಿ ನಾವು ಕೇಳಬಾರದ ಪ್ರಶ್ನೆಯೊಂದನ್ನು ಕೇಳಿಬಿಟ್ಟೆವು: “ನಿಮ್ಮ ಕಡೆಯವರ ಕೂದಲು ಉದ್ದ ಬೆಳೆಯುವುದೇ ಇಲ್ಲವೇನಮ್ಮ?”

ಮಗಳು ನಮ್ಮನ್ನು ದುರುಗುಟ್ಟಿ ನೋಡಿದಳು. ಹುಡುಗಿ ಮಾತ್ರ ಬೇಸರಿಸಲಿಲ್ಲ. ಈ ಪ್ರಶ್ನೆ ಅವಳಿಗೆ ದಿನನಿತ್ಯದ್ದಂತೆ. ಮೆಟ್ರೋ ರೈಲಿನಲ್ಲಿ ಕೆಲವರು ಕೇಳುವ ಸೌಜನ್ಯವನ್ನೂ ತೋರದೆ ಕೈಯಿಟ್ಟೇ ನೋಡುತ್ತಾರಂತೆ. ಆಕೆ ನಗುತ್ತ ಹೇಳಿದ್ದು ಇಷ್ಟು: “ಬೆಳೆಯುತ್ತದೆ ಅಂಕಲ್. ಉಳಿಯುವುದಿಲ್ಲ, ಅಷ್ಟೆ.”

ಆಮೇಲೆ ತನ್ನ ಚೀಲದಿಂದ ಒಂದು ಪುಟ್ಟ ಡಬ್ಬಿ ತೆಗೆದು ತೋರಿಸಿದಳು. ಒಳಗೆ ಮಾಸಲು ಹಳದಿಯ, ಹೊಗೆಯ ವಾಸನೆಯ, ಗಟ್ಟಿ ಬೆಣ್ಣೆಯಂಥ ಪದಾರ್ಥ. ಅವಳ ತಾಯಿ ಊರಿನಿಂದ ಕಟ್ಟಿ ಕಳಿಸಿದ ಶಿಯಾ ಬೆಣ್ಣೆ. ತಲೆ ತೊಳೆದ ಮೇಲೆ ಕೂದಲು ಒದ್ದೆಯಿರುವಾಗಲೇ ಎಳೆಗಳಿಗೆ, ಅದರಲ್ಲೂ ತುದಿಗಳಿಗೆ, ಅದನ್ನು ಸವರಿಕೊಳ್ಳುತ್ತಾಳಂತೆ. ನಮ್ಮ ತಾಯಿಯವರು ಒಂದು ಚೂರು ತೆಗೆದು ಅಂಗೈಯಲ್ಲಿ ತಿಕ್ಕಿದರು, ಮೂಸಿದರು, ತಮ್ಮ ಒಡೆದ ಹಿಮ್ಮಡಿಗೂ ಸವರಿ ನೋಡಿದರು. “ತಮ್ಮಾ, ಇದು ನಮ್ಮ ಮುರುಗಲ ತುಪ್ಪದ ಜಾತಿಯದೇ ಅಲ್ಲವೇನೋ!” ಎಂದರು. ಅವರು ಹೊನ್ನಾವರದ ಕಡೆಯವರು. ಚಳಿಗಾಲದಲ್ಲಿ ತುಟಿ ಒಡೆದರೆ, ಗದ್ದೆಯ ಕೆಲಸದಲ್ಲಿ ಕಾಲು ಸೀಳಿದರೆ ಆ ಸೀಮೆಯಲ್ಲಿ ಮುರುಗಲ ಬೀಜದ ತುಪ್ಪವೇ ಮದ್ದು.

ಅತಿಥಿ ಹೋದಳು. ಅವಳ ಮಾತು ಹೋಗಲಿಲ್ಲ. ಬೆಳೆಯುತ್ತದೆ, ಉಳಿಯುವುದಿಲ್ಲ. ನಾವು ಬಿ.ಎಸ್‌ಸಿ. ಓದಿ ಇಪ್ಪತ್ತೈದು ವರ್ಷವಾಯಿತು. ಓದಿದ ವಿಜ್ಞಾನದಲ್ಲಿ ಎಷ್ಟು ಉಳಿದಿದೆ ಎಂದು ಯಾರಾದರೂ ಕೇಳಿದರೆ ನಾವೂ ಇದೇ ಉತ್ತರ ಕೊಡಬೇಕಾದೀತು. ಬೆಳೆಯುವುದು ದೊಡ್ಡದೋ, ಬೆಳೆದದ್ದನ್ನು ಉಳಿಸಿಕೊಳ್ಳುವುದು ದೊಡ್ಡದೋ? ಪ್ರಶ್ನೆ ಕೂದಲಿನಿಂದ ಹುಟ್ಟಿತೆಂದು ವಾಚಕರು ಹಗುರವಾಗಿ ಕಾಣಬಾರದು. ಊರು ಬಿಟ್ಟು ಬಂದ ನಮ್ಮಂಥವರಿಗೆ ಇದಕ್ಕಿಂತ ಹತ್ತಿರದ ಪ್ರಶ್ನೆ ಬೇರೊಂದಿರಲಾರದು.

ಮೊದಲು ಕೂದಲಿನ ಲೆಕ್ಕವನ್ನೇ ನೋಡೋಣ. ಮನುಷ್ಯನ ತಲೆಗೂದಲು ಸಾಮಾನ್ಯವಾಗಿ ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಆಫ್ರಿಕದ ಮೂಲದವರ ಸುರುಳಿ ಕೂದಲು ಕೊಂಚ ನಿಧಾನ, ದಿನಕ್ಕೆ ಕಾಲು ಮಿಲಿಮೀಟರಿನಷ್ಟು. ಹಾಗಾದರೂ ವರ್ಷಕ್ಕೆ 9 ಸೆಂಟಿಮೀಟರ್ ಆಯಿತು. ನಾಲ್ಕು ವರ್ಷಕ್ಕೆ 36, ಅಂದರೆ ಒಂದು ಅಡಿಗೂ ಹೆಚ್ಚು. ಕಣ್ಣಿಗೆ ಕಾಣುವುದು ಒಂದು ಗೇಣಿಗಿಂತಲೂ ಕಡಿಮೆಯಾದರೆ ಮಿಕ್ಕದ್ದು ಎಲ್ಲಿ ಹೋಯಿತು? ಜಮೆಯಲ್ಲಿ ತಪ್ಪಿಲ್ಲ, ತಪ್ಪಿರುವುದು ಖರ್ಚಿನ ಕಲಮಿನಲ್ಲಿ. ಸುರುಳಿಯೊಳಗೆ ಸೇರಿಹೋಗಿ ಗಿಡ್ಡವಾಗಿ ತೋರುವುದು ಒಂದು ಪಾಲು. ಬುಡದಲ್ಲಿ ಬೆಳೆದಷ್ಟೂ ತುದಿಯಲ್ಲಿ ಮುರಿದು ಹೋಗುವುದು ಇನ್ನೊಂದು ಪಾಲು. ಬೆಳೆಯುತ್ತಿಲ್ಲವೆಂಬುದು ಬರಿಯ ಭ್ರಮೆ. ಇದಕ್ಕೆ ಪುರಾವೆ ಬೇಕಾದರೆ ಆಫ್ರಿಕಕ್ಕೆ ಹೋಗಬೇಕಿಲ್ಲ. ನಮ್ಮ ಕಚೇರಿಯಲ್ಲಿ ನಲವತ್ತು ದಾಟಿದವರಲ್ಲಿ ಅನೇಕರು ತಲೆಗೆ ಬಣ್ಣ ಹಾಕುತ್ತಾರೆ. ಎರಡು ವಾರ ಕಳೆಯುವಷ್ಟರಲ್ಲಿ ಬುಡದಲ್ಲಿ ಬೆಳ್ಳಿಯ ಗೆರೆ ಕಾಣಿಸಿಕೊಂಡು, ಕೂದಲು ಬೆಳೆಯುತ್ತಲೇ ಇದೆಯೆಂದು ಸಾರಿ ಹೇಳುತ್ತದೆ.

ಸುರುಳಿ ಕೂದಲು ಏಕೆ ಬೇಗ ಮುರಿಯುತ್ತದೆ? ಅದರ ಎಳೆಯನ್ನು ಅಡ್ಡಲಾಗಿ ಕತ್ತರಿಸಿ ನೋಡಿದರೆ ದುಂಡಗಿರದೆ ಚಪ್ಪಟೆಯ ಅಂಡಾಕಾರವಾಗಿ ಕಾಣುತ್ತದೆ. ತಿರುವು ಇದ್ದಲ್ಲೆಲ್ಲ ಅದು ದುರ್ಬಲ. ನೆತ್ತಿಯ ಚರ್ಮ ಸ್ರವಿಸುವ ಜಿಡ್ಡು ನಮ್ಮ ನೇರ ಕೂದಲಿನಲ್ಲಿ ಸಲೀಸಾಗಿ ಕೆಳಗಿಳಿಯುತ್ತದೆ, ಸುರುಳಿಯಲ್ಲಿ ಇಳಿಯಲಾರದು. ಹೀಗಾಗಿ ತುದಿ ಒಣಗುತ್ತದೆ, ಗಂಟು ಬೀಳುತ್ತದೆ, ಬಾಚಣಿಗೆ ತಾಗಿದರೆ ತುಂಡಾಗುತ್ತದೆ. ಇಲ್ಲಿ ಇನ್ನೊಂದು ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳಬೇಕು. ಕೂದಲಿನಲ್ಲಿ ಜೀವವಿರುವುದು ಬುಡದಲ್ಲಿ ಮಾತ್ರ. ಹೊರಗೆ ಬಂದ ಎಳೆ ನಿರ್ಜೀವ. ಗಾಯವಾದ ಚರ್ಮ ತಾನೇ ಮಾಯುತ್ತದೆ, ಸೀಳಿದ ಕೂದಲು ಮಾಯುವುದಿಲ್ಲ. ಅದರಲ್ಲೂ ತುದಿಯೇ ಎಲ್ಲಕ್ಕಿಂತ ಹಳೆಯದು. ಸೊಂಟದವರೆಗಿನ ಜಡೆಯ ತುದಿ ಹಲವು ವರ್ಷಗಳ ಬಿಸಿಲು, ಗಾಳಿ, ಬಾಚಣಿಗೆ ಕಂಡದ್ದು. ಬುಡ ಎಳೆಯದು, ತುದಿ ಹಿರಿಯದು. ಮೊದಲು ಮುರಿಯುವುದು ಹಿರಿಯದೇ, ಮತ್ತು ಅದು ತನ್ನನ್ನು ತಾನು ಕಾಪಾಡಿಕೊಳ್ಳಲಾರದು.

ಈ ಕೊರತೆಯನ್ನು ತುಂಬಲು ಬಂದದ್ದು ಶಿಯಾ ಬೆಣ್ಣೆ. ಸೆನೆಗಲ್‌ನಿಂದ ಪೂರ್ವಕ್ಕೆ ಉಗಾಂಡ, ಇಥಿಯೋಪಿಯಗಳವರೆಗೆ, ಸಹಾರಾ ಮರುಭೂಮಿಯ ದಕ್ಷಿಣದ ಹುಲ್ಲುಗಾವಲಿನ ಪಟ್ಟಿಯಲ್ಲಿ ಈ ಮರ ಬೆಳೆಯುತ್ತದೆ. ಸಸ್ಯಶಾಸ್ತ್ರಜ್ಞರು ಕರೆಯುವ ಹೆಸರು ವಿಟೆಲೇರಿಯ ಪ್ಯಾರಡಾಕ್ಸ. ನಮ್ಮ ಹಿಪ್ಪೆ, ಸಪೋಟ, ಬಕುಳಗಳ ಕುಟುಂಬಕ್ಕೇ ಸೇರಿದ್ದು. ಹಿಪ್ಪೆಯ ಬೀಜದಿಂದ ಎಣ್ಣೆ ತೆಗೆದು ದೀಪಕ್ಕೂ ಮೈಗೂ ಬಳಸಿದವರು ನಮ್ಮ ಹಿರಿಯರು. ಅವರಿಗೆ ಈ ಆಫ್ರಿಕದ ಮರ ದಾಯಾದಿಯೇ ಆಯಿತು. ತಾಯಿಯವರು ಹೇಳಿದ ಮುರುಗಲು ಬೇರೆ ಕುಟುಂಬದ ಮರವಾದರೂ ತುಪ್ಪದ ಗುಣದಲ್ಲಿ ಇದಕ್ಕೆ ಸಮೀಪದ್ದು: ಎರಡರಲ್ಲೂ ಸ್ಟಿಯರಿಕ್ ಆಮ್ಲ ಮತ್ತು ಒಲಿಯಿಕ್ ಆಮ್ಲಗಳೇ ಹೆಚ್ಚು, ಎರಡೂ ಮೈಶಾಖಕ್ಕೆ ಹತ್ತಿರದ ಉಷ್ಣತೆಯಲ್ಲಿ ಕರಗುವಂಥವು. 2000ದ ಇಸವಿಯಲ್ಲಿ ಯುರೋಪಿನ ಒಕ್ಕೂಟ ಚಾಕಲೇಟಿನಲ್ಲಿ ಕೋಕೋ ಬೆಣ್ಣೆಯ ಜೊತೆಗೆ ನೂರಕ್ಕೆ ಐದರಷ್ಟು ಬೇರೆ ಸಸ್ಯಜನ್ಯ ಕೊಬ್ಬನ್ನು ಸೇರಿಸಲು ಒಪ್ಪಿದಾಗ ಆರು ಕೊಬ್ಬುಗಳನ್ನು ಹೆಸರಿಸಿತು. ಆ ಪಟ್ಟಿಯಲ್ಲಿ ಶಿಯಾ ಇದೆ, ಮುರುಗಲೂ ಇದೆ, ನಮ್ಮ ಮಾವಿನ ಗೊರಟೂ ಇದೆ. ಹೊನ್ನಾವರದ ಅಜ್ಜಿಯ ಮೂಗು ಬ್ರಸೆಲ್ಸಿನ ಕಡತಕ್ಕಿಂತ ಕಡಿಮೆಯದಲ್ಲವೆಂದು ನಮಗೆ ಹೆಮ್ಮೆಯೆನಿಸಿತು.

ಹೊನ್ನಾವರಕ್ಕೂ ಆ ಬೆಣ್ಣೆಗೂ ಇನ್ನೊಂದು ನಂಟಿದೆ. ಅರಬ ಪ್ರವಾಸಿ ಇಬ್ನ್ ಬತೂತ 1330ರ ದಶಕದಲ್ಲಿ ನಮ್ಮ ಈ ದೆಹಲಿಗೇ ಬಂದು ಮಹಮ್ಮದ್ ಬಿನ್ ತುಘಲಕನ ಬಳಿ ನ್ಯಾಯಾಧೀಶನಾಗಿದ್ದವನು. ಅನಂತರ ಪಶ್ಚಿಮ ಕರಾವಳಿಯಲ್ಲಿ ಸಂಚರಿಸುತ್ತ ಹೊನ್ನಾವರವನ್ನೂ ಕಂಡ. ಅದೇ ಮನುಷ್ಯ 1352ರಲ್ಲಿ ಸಹಾರಾ ದಾಟಿ ಮಾಲಿ ಸಾಮ್ರಾಜ್ಯಕ್ಕೆ ಹೋದಾಗ, ಅಲ್ಲಿಯ ಜನ ಒಂದು ಮರದ ಬೀಜದಿಂದ ಎಣ್ಣೆ ತೆಗೆದು ಅಡಿಗೆಗೂ ದೀಪಕ್ಕೂ ಮೈಗೂ ಬಳಸುವುದನ್ನು ಬರೆದಿಟ್ಟ. ಆ ಎಣ್ಣೆ ಶಿಯಾ ಎಂದೇ ತಿಳಿದವರ ಅಭಿಪ್ರಾಯ. ಸ್ಕಾಟ್ಲೆಂಡಿನ ಮಂಗೋ ಪಾರ್ಕ್ 1799ರಲ್ಲಿ ಪ್ರಕಟಿಸಿದ ತನ್ನ ಪ್ರವಾಸಗ್ರಂಥದಲ್ಲಿ, ಈ ಬೆಣ್ಣೆಗೆ ಉಪ್ಪು ಸೇರಿಸದಿದ್ದರೂ ವರ್ಷವಿಡೀ ಕೆಡದೆ ಇರುತ್ತದೆಯೆಂದು ಮೆಚ್ಚಿಕೊಂಡಿದ್ದಾನೆ. ತಾನು ಉಳಿಯಬಲ್ಲದ್ದೇ ಬೇರೆಯದನ್ನು ಉಳಿಸಬಲ್ಲದೇನೋ!

ಆದರೆ ಆ ಬೆಣ್ಣೆ ತಾನಾಗಿ ಡಬ್ಬಿಯಲ್ಲಿ ಬಂದು ಕೂರುವುದಿಲ್ಲ. ಮಳೆಗಾಲದಲ್ಲಿ ಉದುರಿದ ಹಣ್ಣುಗಳನ್ನು ಹೆಂಗಸರು ಬೆಳಗಿನ ಜಾವಕ್ಕೇ ಹೋಗಿ ಆರಿಸಿ, ತಲೆಯ ಮೇಲೆ ಹೊತ್ತು ತರುತ್ತಾರೆ. ತಿರುಳನ್ನು ತಿಂದು, ಬೀಜವನ್ನು ಬೇಯಿಸಿ, ಒಣಗಿಸಿ, ಒಡೆದು, ಹುರಿದು, ಕುಟ್ಟಿ, ಅರೆದು, ಆ ಹಿಟ್ಟಿಗೆ ನೀರು ಸೇರಿಸಿ ಕೈಯಿಂದ ಬಹಳ ಹೊತ್ತು ಕಲಸುತ್ತಾರೆ. ಬೆಣ್ಣೆ ತೇಲಿ ಬಂದಾಗ ಎತ್ತಿ, ತೊಳೆದು, ಕಾಯಿಸಿ, ಸೋಸಿ ಆರಿಸುತ್ತಾರೆ. ಮೊಸರು ಕಡೆಯುವ ಮನೆಯಲ್ಲಿ ಹುಟ್ಟಿದವರಿಗೆ ಈ ಶ್ರಮವನ್ನು ವಿವರಿಸಬೇಕಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಈ ಬೆಣ್ಣೆ ಕೂದಲನ್ನು ಬೆಳೆಸುತ್ತದೆಯೆ? ಇಲ್ಲ. ಬುಡದಲ್ಲಿ ಕೂದಲು ಹುಟ್ಟುವ ವೇಗವನ್ನು ಅದು ಹೆಚ್ಚಿಸುತ್ತದೆ ಎನ್ನಲು ನಂಬತಕ್ಕ ಪುರಾವೆಯಿಲ್ಲ. ಕೊಬ್ಬರಿ ಎಣ್ಣೆ ಕೂದಲಿನ ಒಳಗೆ ಸ್ವಲ್ಪ ಇಳಿದು ಅದರ ಸಸಾರಜನಕ ತೊಳೆದುಹೋಗದಂತೆ ತಡೆಯುತ್ತದೆಂದು 2003ರಲ್ಲಿ ಮುಂಬಯಿಯ ಸಂಶೋಧಕರಿಬ್ಬರು ತೋರಿಸಿದರು. ಶಿಯಾದ ಕೊಬ್ಬಿನ ಅಣುಗಳು ಅದಕ್ಕಿಂತ ಉದ್ದನೆಯವು, ಹೆಚ್ಚಿನಂಶ ಹೊರಮೈಯ ಮೇಲೆಯೇ ನಿಲ್ಲುತ್ತವೆ. ಹೊರಗೆ ನಿಂತು ಅವು ಮಾಡುವ ಕೆಲಸ ಎರಡು: ಒಳಗಿನ ತೇವ ಬೇಗ ಆರದಂತೆ ಮುಚ್ಚಿಡುವುದು, ಎಳೆಗೆ ಎಳೆ ಉಜ್ಜಿ ಸವೆಯದಂತೆ ನುಣುಪು ಕೊಡುವುದು. ಅದು ಬೆಳೆಸುವ ವಸ್ತುವಲ್ಲ, ಕಾಯುವ ವಸ್ತು. ಆದರೆ ಅಂಗಡಿಯ ಡಬ್ಬಿಗಳ ಮೇಲೆ ‘ಕಾಯುತ್ತದೆ’ ಎಂದು ಬರೆದರೆ ಯಾರೂ ಕೊಳ್ಳುವುದಿಲ್ಲವೇನೋ. ‘ಬೆಳೆಸುತ್ತದೆ’ ಎಂದೇ ಬರೆಯುತ್ತಾರೆ.

ಇದು ಹಳೆಯ ರೋಗ. ಅಮೆರಿಕದಲ್ಲಿ ಗುಲಾಮರಾಗಿದ್ದ ತಂದೆತಾಯಿಗಳಿಗೆ 1867ರಲ್ಲಿ ಸ್ವತಂತ್ರಳಾಗಿ ಹುಟ್ಟಿದ ಸಾರಾ ಬ್ರೀಡ್‌ಲವ್ ಎಂಬಾಕೆ ಬಟ್ಟೆ ಒಗೆದು ಜೀವಿಸುತ್ತಿದ್ದಳು. ತನ್ನ ತಲೆಗೂದಲು ಉದುರಿದಾಗ ಮದ್ದು ಹುಡುಕುತ್ತ ಹೋಗಿ, 1906ರಿಂದ ಮೇಡಂ ಸಿ. ಜೆ. ವಾಕರ್ ಎಂಬ ಹೆಸರಿನಲ್ಲಿ ದೊಡ್ಡ ವ್ಯಾಪಾರವನ್ನೇ ಕಟ್ಟಿದಳು. ಸಾವಿರಾರು ಕಪ್ಪು ಹೆಂಗಸರಿಗೆ ಸ್ವಂತ ದುಡಿಮೆಯ ದಾರಿ ತೋರಿಸಿದ ಮಹಾತಾಯಿ ಆಕೆ. ಆದರೂ ಆಕೆಯ ಡಬ್ಬಿಯ ಮೇಲಿನ ಹೆಸರು ‘ಅದ್ಭುತ ಕೇಶವರ್ಧಕ’ ಎಂದೇ. ಒಳಗಿದ್ದದ್ದು ಮುಖ್ಯವಾಗಿ ವ್ಯಾಸಲೀನಿನಂಥ ಜಿಡ್ಡು ಮತ್ತು ಗಂಧಕ. ನೆತ್ತಿ ಶುಚಿಯಾಗಿ ರೋಗ ಕಡಿಮೆಯಾದರೆ ಇರುವ ಕೂದಲು ಉಳಿಯುತ್ತದೆ. ಉಳಿದದ್ದನ್ನು ಬೆಳೆದದ್ದೆಂದು ಕರೆದರು. ನಮ್ಮಲ್ಲಿಯೂ 1945ರ ಔಷಧ ನಿಯಮಗಳ ‘ಜೆ’ ಅನುಸೂಚಿಯಲ್ಲಿ, ಯಾವ ಔಷಧವೂ ಗುಣಪಡಿಸುತ್ತೇನೆಂದು ಹೇಳಿಕೊಳ್ಳಬಾರದ ಸಂಗತಿಗಳ ಪಟ್ಟಿಯಿದೆ. ಬೋಳುತಲೆಯೂ ಹೊಸ ಕೂದಲು ಬೆಳೆಸುವುದೂ ಅದರಲ್ಲಿ ಸೇರಿವೆ. ಸರಕಾರವೇ ತಡೆಯಬೇಕಾಯಿತೆಂದರೆ ಈ ಆಸೆ ಎಷ್ಟು ಬಲವಾದದ್ದೆಂದು ಊಹಿಸಬಹುದು.

‘ಬೆಳೆಸುತ್ತದೆ’ ಎಂಬ ಈ ಸಣ್ಣ ಸುಳ್ಳಿನಿಂದ ಯಾರಿಗೇನು ನಷ್ಟ ಎಂದು ಕೇಳಬಹುದು. ಬೆಣ್ಣೆಯಂತೂ ಒಳ್ಳೆಯದೇ, ಹಚ್ಚಿದರೆ ಒಳಿತೇ ಆಗುತ್ತದೆ. ಆದರೆ ನಮಗೆ ತೋರುವ ಮಟ್ಟಿಗೆ ನಷ್ಟವಿದೆ, ಅದೂ ಎರಡು ಬಗೆಯಲ್ಲಿ. ಒಂದು, ಆ ಸುಳ್ಳು ‘ನಿನ್ನಲ್ಲಿ ಬೆಳೆಯುವ ಶಕ್ತಿಯೇ ಇಲ್ಲ, ಹೊರಗಿನಿಂದ ತಂದುಕೋ’ ಎಂದು ಒಬ್ಬಳಿಗೆ ಹೇಳಿದಂತಾಯಿತು. ಇದು ಅವಮಾನ. ಎರಡು, ಕೊರತೆಯಿರುವುದು ಬುಡದಲ್ಲಿ ಎಂದು ನಂಬಿದವಳು ತುದಿಯನ್ನು ನೋಡಿಕೊಳ್ಳುವುದಿಲ್ಲ. ಬುಡಕ್ಕೆ ಬಗೆಬಗೆಯದನ್ನು ತಿಕ್ಕುತ್ತಲೇ ಇರುತ್ತಾಳೆ, ತುದಿ ಮುರಿಯುತ್ತಲೇ ಇರುತ್ತದೆ.

ಇದಕ್ಕೆ ಇತಿಹಾಸ ಇನ್ನೊಂದು ಕಹಿಯನ್ನು ಸೇರಿಸಿತು. 1786ರಲ್ಲಿ ಅಮೆರಿಕದ ಲೂಯಿಸಿಯಾನದ ಸ್ಪ್ಯಾನಿಷ್ ರಾಜ್ಯಪಾಲ, ಗುಲಾಮಗಿರಿಯಿಂದ ಹೊರಗಿದ್ದ ಕಪ್ಪು ಹೆಂಗಸರೂ ತಲೆಗೆ ಬಟ್ಟೆ ಸುತ್ತಿಕೊಂಡೇ ಓಡಾಡಬೇಕೆಂದು ಆಜ್ಞೆ ಹೊರಡಿಸಿದ. ಆ ಹೆಂಗಸರು ಒಳ್ಳೆಯ ಬಣ್ಣದ ಬಟ್ಟೆಗಳನ್ನೇ ಆರಿಸಿ ಅಂದವಾಗಿ ಸುತ್ತಿಕೊಂಡು, ಆಜ್ಞೆಯನ್ನು ಪಾಲಿಸಿಯೂ ಅದನ್ನು ಸೋಲಿಸಿದರಂತೆ. 2016ರಲ್ಲಿ ದಕ್ಷಿಣ ಆಫ್ರಿಕದ ಪ್ರಿಟೋರಿಯದ ಒಂದು ಬಾಲಿಕಾ ಪ್ರೌಢಶಾಲೆಯ ಹುಡುಗಿಯರು, ತಮ್ಮ ಸಹಜ ಕೂದಲನ್ನು ಅಶಿಸ್ತೆಂದು ಕಾಣುವ ನಿಯಮಗಳ ವಿರುದ್ಧ ಪ್ರತಿಭಟಿಸಬೇಕಾಯಿತು. ಕೂದಲಿನ ಸಹಜ ರೂಪದ ಕಾರಣಕ್ಕೆ ಶಾಲೆಯಲ್ಲಾಗಲಿ ಉದ್ಯೋಗದಲ್ಲಾಗಲಿ ಭೇದ ಮಾಡಬಾರದೆಂದು ಕ್ಯಾಲಿಫೋರ್ನಿಯ ಶಾಸನ ಮಾಡಿದ್ದು 2019ರಲ್ಲಿ. ಈ ನಡುವಣ ಕಾಲದಲ್ಲಿ ಎಷ್ಟು ಜನ ಕಾದ ಕಬ್ಬಿಣದ ಬಾಚಣಿಗೆಯಿಂದ, ಕಾಸ್ಟಿಕ್ ಸೋಡಾದ ಲೇಪದಿಂದ ತಮ್ಮ ಸುರುಳಿಯನ್ನು ನೇರ ಮಾಡಿಕೊಂಡರೋ! ಕಾಸ್ಟಿಕ್ ಸೋಡಾ ಏನು ಮಾಡುತ್ತದೆಂದು ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ಒಮ್ಮೆ ಬೆರಳು ಸುಟ್ಟುಕೊಂಡ ನಾವು ಬಲ್ಲೆವು. ಇತರರ ಕಣ್ಣಿಗೆ ಒಪ್ಪುವಂತಾಗಲು ಹೋಗಿ ಇದ್ದದ್ದನ್ನೂ ಮುರಿದುಕೊಳ್ಳುವುದು ಎಂದರೆ ಇದೇ. ಇದರ ಎದುರು ಒಂದು ಡಬ್ಬಿ ಬೆಣ್ಣೆ ಹಿಡಿದು ‘ಇದ್ದ ಹಾಗೆಯೇ ಇಟ್ಟುಕೊಳ್ಳುತ್ತೇನೆ’ ಎನ್ನುವ ಹುಡುಗಿ ಬರಿಯ ಶೃಂಗಾರದ ಕೆಲಸ ಮಾಡುತ್ತಿಲ್ಲ.

ನಮ್ಮ ಹಿರಿಯರು ಕಾಗದ ಬರೆಯುವಾಗ ಮೊದಲು ‘ಯೋಗಕ್ಷೇಮ’ ವಿಚಾರಿಸುತ್ತಿದ್ದರು. ಆ ಎರಡು ಪದಗಳನ್ನು ನಾವು ಒಂದೇ ಉಸಿರಿಗೆ ಹೇಳಿ ಮುಗಿಸುತ್ತೇವೆ. ಭಾಷ್ಯಕಾರರು ಅವನ್ನು ಬಿಡಿಸಿ ಹೇಳಿದ್ದಾರೆ: ಇಲ್ಲದ್ದನ್ನು ಪಡೆಯುವುದು ಯೋಗ, ಪಡೆದದ್ದನ್ನು ಕಾಪಾಡುವುದು ಕ್ಷೇಮ. ಎರಡನ್ನೂ ಭಗವಂತನೇ ಹೊರುತ್ತಾನೆಂಬ ಗೀತೆಯ ಮಾತನ್ನು ಜೀವವಿಮಾ ನಿಗಮದವರು ಲಾಂಛನದಲ್ಲಿಯೇ ಬಳಸಿಕೊಂಡರು. ಭಗವಂತನ ಲೆಕ್ಕದಲ್ಲಿ ಎರಡೂ ಸಮಾನ. ಮನುಷ್ಯರ ಲೆಕ್ಕದಲ್ಲಿ ಹಾಗಿಲ್ಲ. ನಾವು ಯೋಗಕ್ಕೆ ಹಾರ ಹಾಕುತ್ತೇವೆ, ಕ್ಷೇಮವನ್ನು ಗುಮಾಸ್ತನಿಗೆ ಬಿಡುತ್ತೇವೆ. ನಮ್ಮ ಕಚೇರಿಯಲ್ಲಿ ಹೊಸ ಯೋಜನೆಯ ಕಡತ ತೆರೆದವರ ಹೆಸರು ಫಲಕದ ಮೇಲೆ ಬರುತ್ತದೆ. ದಾಖಲೆ ಕೋಣೆಯಲ್ಲಿ ಗೆದ್ದಲು ಹತ್ತದಂತೆ ಮೂವತ್ತು ವರ್ಷ ಕಡತ ಕಾದವರ ಹೆಸರು ನಿವೃತ್ತಿಯ ದಿನದ ಚಹಾದಲ್ಲಿ ಮುಗಿಯುತ್ತದೆ. ಆದರೆ ಯಾರದೋ ಪಿಂಚಣಿಗೆ ಹಳೆಯ ಸೇವಾ ಪುಸ್ತಕದ ಒಂದು ಪುಟ ಬೇಕಾದಾಗ ಓಡಿಹೋಗುವುದು ಅವರ ಬಳಿಗೇ. ಮನೆಯಲ್ಲಿಯೂ ಅಷ್ಟೆ. ಸಂಬಳ ತರುವುದು ಯೋಗ, ಅದು ತಿಂಗಳ ಕೊನೆಯವರೆಗೆ ಬರುವಂತೆ ನೋಡಿಕೊಳ್ಳುವುದು ಕ್ಷೇಮ. ಈ ಎರಡನೆಯ ಕೆಲಸವನ್ನು ನಾವು ಹೆಂಗಸರ ಪಾಲಿಗೆ ಬಿಟ್ಟು, ಅದಕ್ಕೆ ಕೆಲಸವೆಂಬ ಹೆಸರನ್ನೂ ಕೊಡಲಿಲ್ಲ.

ಹಾಗಾದರೆ ಉಳಿಸಿಕೊಳ್ಳುವುದೇ ಪರಮಧರ್ಮವೆ? ಅಷ್ಟು ಸುಲಭವಾಗಿ ಹೇಳಲಾಗದು. ಇದಕ್ಕೆ ಎರಡು ಆಕ್ಷೇಪಗಳಿವೆ.

ಮೊದಲನೆಯದು ತ್ಯಾಗದ ಕಡೆಯಿಂದ ಬರುತ್ತದೆ. ತಿರುಮಲದಲ್ಲಿ ದಿನವೂ ಸಾವಿರಾರು ಜನ ಮುಡಿ ಕೊಡುತ್ತಾರೆ. ವರ್ಷಗಟ್ಟಲೆ ಎಣ್ಣೆ ಹಚ್ಚಿ ಬೆಳೆಸಿದ್ದನ್ನು ಒಂದು ಗಳಿಗೆಯಲ್ಲಿ ಒಪ್ಪಿಸಿ ಹಗುರಾಗಿ ಹೊರಬರುತ್ತಾರೆ. ಉಳಿಸಿಕೊಳ್ಳುವುದಕ್ಕಿಂತ ಬಿಟ್ಟುಕೊಡುವುದು ದೊಡ್ಡದೆಂದು ನಮ್ಮ ಪರಂಪರೆ ಹೇಳುತ್ತಲೇ ಬಂದಿದೆ. ಮಾತು ನಿಜ. ಆದರೆ ಗಮನಿಸಿ: ಉಳಿಸಿಕೊಂಡವರು ಮಾತ್ರ ಬಿಟ್ಟುಕೊಡಬಲ್ಲರು. ಮುರಿದು ಹೋದದ್ದು ತ್ಯಾಗವಲ್ಲ, ನಷ್ಟ. ಈ ಮುಡಿಯ ಕಥೆ ಅಲ್ಲಿಗೇ ಮುಗಿಯುವುದೂ ಇಲ್ಲ. ದೇವಸ್ಥಾನ ಅದನ್ನು ಹರಾಜು ಹಾಕುತ್ತದೆ, ಅದು ವಿಗ್ಗಾಗಿ, ಕೃತಕ ಜಡೆಯಾಗಿ ಹೊರದೇಶಗಳಿಗೆ ಹೋಗುತ್ತದೆ. ಅಮೆರಿಕದ ಹಾಸ್ಯನಟ ಕ್ರಿಸ್ ರಾಕ್ 2009ರ ‘ಗುಡ್ ಹೇರ್’ ಎಂಬ ಸಾಕ್ಷ್ಯಚಿತ್ರದಲ್ಲಿ ಈ ದಾರಿಯನ್ನು ತೋರಿಸಿದ್ದಾನೆ. ಅಲ್ಲಿ ಕೊಳ್ಳುವವರಲ್ಲಿ ಬಹಳ ಮಂದಿ ಕಪ್ಪು ಹೆಂಗಸರೇ. ನಮ್ಮ ಹೆಣ್ಣುಮಕ್ಕಳು ದೇವರಿಗೆಂದು ಕೊಟ್ಟದ್ದು ಕಡಲಾಚೆಯ ಒಬ್ಬಾಕೆ ತನ್ನದನ್ನು ಮುಚ್ಚಿಕೊಳ್ಳಲು ಬಳಕೆಯಾಗುತ್ತದೆ. ಅವರ ಬೆಣ್ಣೆ ಇಲ್ಲಿಗೆ, ನಮ್ಮ ಕೂದಲು ಅಲ್ಲಿಗೆ! ತ್ಯಾಗ ಮಾಡಿದವಳದು ತಪ್ಪಲ್ಲ, ಕೊಂಡವಳದೂ ತಪ್ಪಲ್ಲ. ಆದರೆ ತನ್ನ ತಲೆಯ ಮೇಲಿರುವುದು ಸಾಲದೆಂದು ಒಬ್ಬಳಿಗೆ ನಂಬಿಸಿದವರು ಯಾರೋ, ಅವರ ಮೇಲೆ ಋಣ ಉಳಿಯುತ್ತದೆ.

ಎರಡನೆಯ ಆಕ್ಷೇಪ ಇನ್ನೂ ಹತ್ತಿರದ್ದು. ಉಳಿಸಿಕೊಳ್ಳುವ ಆತುರವೇ ಕೆಡಿಸಬಹುದು. ಸುರುಳಿ ಕೂದಲನ್ನು ಮುರಿಯದಂತೆ ಕಾಪಾಡಲು ಸಣ್ಣಸಣ್ಣ ಜಡೆಗಳಾಗಿ ಹೆಣೆದು ತುದಿಗಳನ್ನು ಒಳಗೆ ಅಡಗಿಸಿಡುತ್ತಾರೆ. ಒಳ್ಳೆಯ ಉಪಾಯ. ಆದರೆ ಬಿಗಿ ಹೆಚ್ಚಾದರೆ ಹಣೆಯ ಅಂಚಿನಲ್ಲಿ, ಕಿವಿಯ ಮೇಲೆ ಕೂದಲು ಬುಡಸಹಿತ ಕಿತ್ತು ಬರುತ್ತದೆ. ಬಹುಕಾಲ ಹಾಗೆಯೇ ಎಳೆದರೆ ಆ ಜಾಗದಲ್ಲಿ ಮತ್ತೆ ಹುಟ್ಟುವುದೇ ಇಲ್ಲ. ಬಿಗಿಯಾಗಿ ಎಳೆದು ಜಡೆ ಹಾಕುತ್ತಿದ್ದ ಅಜ್ಜಿಯರ ಕೈಯನ್ನು ಬಲ್ಲ ನಮ್ಮ ಸೋದರಿಯರಿಗೂ ಇದು ಗೊತ್ತು. ತುದಿಯನ್ನು ಉಳಿಸಲು ಹೋಗಿ ಬುಡವನ್ನೇ ಕಳೆದುಕೊಳ್ಳುವುದು ಇದರ ಫಲ.

ಇಲ್ಲಿ ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಮಗಳು ಚಿಕ್ಕವಳಿದ್ದಾಗ ಮನೆಯಲ್ಲಿ ಕನ್ನಡವಲ್ಲದೆ ಬೇರೆ ಮಾತನಾಡಬಾರದೆಂದು ನಾವು ಕಟ್ಟುನಿಟ್ಟು ಮಾಡಿದ್ದೆವು. ಹಿಂದಿಯ ಒಂದು ಪದ ಬಂದರೆ ಗದರಿಸುತ್ತಿದ್ದೆವು. ಶಾಲೆಯಿಂದ ಓಡಿ ಬಂದು ಏನೋ ಸಂತೋಷದ ಸಮಾಚಾರ ಹೇಳಹೊರಟವಳನ್ನು ಮಧ್ಯದಲ್ಲಿ ತಡೆದು, ‘ಕನ್ನಡದಲ್ಲಿ ಹೇಳು’ ಎಂದು ಎಷ್ಟು ಸಲ ಅಂದೆವೋ! ಕನ್ನಡ ಬರಲಿಲ್ಲ, ಸಮಾಚಾರ ನಿಂತಿತು. ಹತ್ತನೆಯ ತರಗತಿಯ ಹೊತ್ತಿಗೆ ಅವಳು ನಮ್ಮೊಡನೆ ಮಾತೇ ಕಡಿಮೆ ಮಾಡಿದಳು. ಅದೇ ಮಗು ತನ್ನ ಅಜ್ಜಿಯ ಬಳಿ ರಾತ್ರಿ ಹತ್ತರವರೆಗೆ ಹರಟುತ್ತಿತ್ತು. ಅಜ್ಜಿ ತಿದ್ದುತ್ತಿರಲಿಲ್ಲ, ಹಿಂದಿಯ ಪ್ರಶ್ನೆಗೆ ಹೊನ್ನಾವರದ ಕನ್ನಡದಲ್ಲಿ ಉತ್ತರ ಕೊಡುತ್ತಿದ್ದರು, ಅಷ್ಟೆ. ಇಂದು ಮಗಳ ಬಾಯಲ್ಲಿ ಕನ್ನಡ ಉಳಿದಿದ್ದರೆ ಅದು ನಮ್ಮ ಬಿಗಿಯಿಂದಲ್ಲ, ಆ ಹರಟೆಯಿಂದ. ಅದಕ್ಕೇ ಅವಳ ಕನ್ನಡದಲ್ಲಿ ನಮ್ಮ ಕಚೇರಿಯ ಶುಷ್ಕತೆಯಿಲ್ಲ, ಕರಾವಳಿಯ ರಾಗವಿದೆ.

ಶಿಯಾ ಬೆಣ್ಣೆಯ ಬಳಕೆಯಲ್ಲಿ ಒಂದು ಗುಟ್ಟಿದೆಯೆಂದು ಆ ಹುಡುಗಿ ಹೇಳಿದ್ದಳು. ಒಣ ಕೂದಲಿಗೆ ಅದನ್ನು ಹಚ್ಚಿ ಫಲವಿಲ್ಲ. ಮೊದಲು ನೀರು, ಆಮೇಲೆ ಬೆಣ್ಣೆ. ಬೆಣ್ಣೆ ತೇವವನ್ನು ಕೊಡುವುದಿಲ್ಲ. ಇರುವ ತೇವವನ್ನು ಹಿಡಿದಿಡುತ್ತದೆ. ಒಳಗೆ ಒಣಗಿದ್ದರೆ ಒಣಗಿದ್ದನ್ನೇ ಮುಚ್ಚಿಡುತ್ತದೆ. ಈ ಮಾತು ಕೇಳಿದಾಗ ನಮಗೆ ನಮ್ಮ ಸಂಘಗಳ ನೆನಪಾಯಿತು. ನವೆಂಬರಿನ ರಾಜ್ಯೋತ್ಸವ, ಯುಗಾದಿಯ ಬೇವುಬೆಲ್ಲ, ನಾಟಕ, ಈ ಮಾಸಪತ್ರಿಕೆ, ಇವೆಲ್ಲ ಬೆಣ್ಣೆ. ಒಳ್ಳೆಯ ಬೆಣ್ಣೆ, ಬೇಕೇ ಬೇಕು. ಆದರೆ ನೀರು ಮನೆಯಲ್ಲಿರಬೇಕು. ಅಡಿಗೆಮನೆಯಲ್ಲಿ, ಮಲಗುವ ಹೊತ್ತಿನಲ್ಲಿ, ಜಗಳದಲ್ಲಿ, ನಗುವಿನಲ್ಲಿ ದಿನವೂ ಹರಿಯುವ ಮಾತೇ ಆ ನೀರು. ಅದಿಲ್ಲದೆ ವರ್ಷಕ್ಕೊಮ್ಮೆ ಧ್ವಜ ಹಾರಿಸಿದರೆ ನಾವು ಮುಚ್ಚಿಡುವುದು ಒಣಗಿದ್ದನ್ನೇ.

ಉಳಿಸಿಕೊಳ್ಳುವ ಪ್ರಶ್ನೆ ಒಬ್ಬೊಬ್ಬರ ತಲೆಗೆ ಮಾತ್ರ ಸಂಬಂಧಿಸಿದ್ದಲ್ಲವೆಂಬುದಕ್ಕೆ ಆ ಬೀಜವೇ ಸಾಕ್ಷಿ. ಆಫ್ರಿಕದಿಂದ ಬಹುಪಾಲು ಶಿಯಾ ಹೊರಗೆ ಹೋಗುವುದು ಕಚ್ಚಾ ಬೀಜವಾಗಿ. ಬೆಣ್ಣೆಯಾಗುವುದೂ, ಬೆಲೆ ಏರುವುದೂ ಬೇರೆ ಕಡೆ. 2025ರ ಆಗಸ್ಟ್‌ನಲ್ಲಿ ನೈಜೀರಿಯ ಸರಕಾರ ಆರು ತಿಂಗಳ ಮಟ್ಟಿಗೆ ಕಚ್ಚಾ ಬೀಜದ ರಫ್ತನ್ನು ನಿಲ್ಲಿಸಿತು. ಲಾಭದ ಪಾಲು ನಮ್ಮಲ್ಲೇ ಉಳಿಯಲಿ ಎಂಬುದು ಅದರ ವಾದ. ಒಮ್ಮೆಲೇ ರಫ್ತು ನಿಂತರೆ ಬೀಜ ಆರಿಸುವ ಹೆಂಗಸರಿಗೆ ಸಿಗುವ ಬೆಲೆ ಕುಸಿದೀತೆಂಬ ಆತಂಕವೂ ಅದರ ಜೊತೆಗೇ ಇತ್ತು. ಇಲ್ಲಿಯೂ ಬಿಗಿಯ ಪ್ರಶ್ನೆಯೇ ನೋಡಿ. ಎಷ್ಟು ಹಿಡಿಯಬೇಕು, ಎಷ್ಟು ಬಿಡಬೇಕು? ನಿಯಮ ಬರೆಯುವವರ ಕೈಗೂ ಜಡೆ ಹೆಣೆಯುವವರ ಕೈಗೂ ಒಂದೇ ವಿವೇಕ ಬೇಕು.

ಈ ವಿವೇಕವನ್ನು ಎಲ್ಲಿ ಕಲಿಯುವುದು? ನಮಗೆ ಉತ್ತರ ಸಿಕ್ಕಿದ್ದು ಆ ಮರದ ರೀತಿಯಲ್ಲಿ. ಶಿಯಾ ಮರವನ್ನು ಸಾಮಾನ್ಯವಾಗಿ ಯಾರೂ ನೆಡುವುದಿಲ್ಲ. ಅದು ತಾನೇ ಹುಟ್ಟುತ್ತದೆ. ಹಣ್ಣು ಬಿಡಲು ಹದಿನೈದಿಪ್ಪತ್ತು ವರ್ಷ ಬೇಕು. ಪೂರ್ಣ ಫಸಲಿಗೆ ಇನ್ನೂ ಅಷ್ಟೇ ಕಾಲ. ಆಮೇಲೆ ಇನ್ನೂರು ವರ್ಷ ಬದುಕಬಲ್ಲದು. ರೈತರು ಹೊಲಕ್ಕಾಗಿ ಕಾಡು ಕಡಿಯುವಾಗ ಉಳಿದದ್ದನ್ನೆಲ್ಲ ಕಡಿದು ಶಿಯಾ ಮರವನ್ನು ಮಾತ್ರ ಹೊಲದ ನಡುವೆ ಹಾಗೆಯೇ ಬಿಡುತ್ತಾರೆ. ನೆಟ್ಟವರೆಂಬ ಕೀರ್ತಿ ಯಾರಿಗೂ ಇಲ್ಲ. ಕಡಿಯದೆ ಬಿಟ್ಟವನಿಗೆ ಅದರ ಪೂರ್ಣ ಫಲವೂ ಇಲ್ಲ. ಅವನು ಬಿಟ್ಟದ್ದು ಮೊಮ್ಮಗಳಿಗೆ. ಕ್ಷೇಮವೆಂದರೆ ಇದೇ ಇರಬೇಕು. ಅದರಲ್ಲಿ ಯೋಗದ ಸಡ್ಡು ಇಲ್ಲ, ಕೃಪಣನ ಮುಷ್ಟಿಯೂ ಇಲ್ಲ. ಬೆಳೆಯುವುದು ತಾನೇ ಬೆಳೆಯುತ್ತದೆಂಬ ನಂಬಿಕೆ, ಅದು ನಮ್ಮ ಕೈಯಿಂದಲೇ ಮುರಿಯದಿರಲಿ ಎಂಬ ಎಚ್ಚರ, ಇವೆರಡೇ ಇವೆ.

ಹುಡುಗಿ ಮೊನ್ನೆ ಸಂಕ್ರಾಂತಿಗೆ ಮತ್ತೆ ಬಂದಿದ್ದಳು. ತಾಯಿಯವರು ಊರಿನಿಂದ ತರಿಸಿದ ಮುರುಗಲ ತುಪ್ಪದ ಒಂದು ಉಂಡೆಯನ್ನು ಅವಳ ಡಬ್ಬಿಗೆ ಹಾಕಿ, “ಕೂಸೇ, ಇದನ್ನೂ ಹಚ್ಚಿ ನೋಡು” ಎಂದರು. ಅವಳು ಚಾಪೆಯ ಮೇಲೆ ಕುಳಿತಳು. ತಾಯಿಯವರು ಹಿಂದೆ ಕುಳಿತು, ಮೊದಲು ನೀರು ಚಿಮುಕಿಸಿ, ಆಮೇಲೆ ತುಪ್ಪವನ್ನು ಅಂಗೈಯಲ್ಲಿ ಕರಗಿಸಿ, ತಮಗೆ ಪರಿಚಯವಿಲ್ಲದ ಆ ಸುರುಳಿಗಳನ್ನು ಬೆರಳಿನಿಂದ ನಿಧಾನವಾಗಿ ಬಿಡಿಸತೊಡಗಿದರು. ‘ನೋವಾಗುತ್ತದೆಯೇ’ ಎಂದು ಕನ್ನಡದಲ್ಲಿ ಕೇಳಿದರು. ಅವಳು ತನ್ನ ಭಾಷೆಯಲ್ಲಿ ಏನೋ ಹೇಳಿದಳು. ನಮ್ಮ ಮಗಳು ಎರಡಕ್ಕೂ ಅರ್ಥ ಹೇಳಹೊರಟವಳು, ಬೇಕಿಲ್ಲವೆನಿಸಿತೇನೋ, ಸುಮ್ಮನಾದಳು. ನಾವೂ ಈ ಸಲ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ.